ಮೊದಲು ಕ್ಷೇಮ ಎಂದ ಪುಟ

ಇರ್ಫಾನಾಳ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಅವಳ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರು ಹೇಳಲಿ. ಅವಳ ಕುರ್ಚಿಯಲ್ಲಿ ಒಂದು ವಾರ ಕೂತು ನೋಡಿದ್ದರೆ ಅವರ ಮೂಗಿನ ತುದಿಗೂ ಅದು ಬಂದು ಕೂರುತ್ತಿತ್ತು.

ಪುತ್ತೂರಿನ ದರ್ಬೆಯಲ್ಲಿ ಮುಖ್ಯರಸ್ತೆಯ ಬದಿಗೇ ಆ ಆಫೀಸು. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಗಿರಿಧರರ ವೆಬ್‌ಸೈಟ್ ಕಾರ್ಖಾನೆ. ಊರಿನ ಶಾಲೆಗಳು, ಚಿನ್ನದಂಗಡಿಗಳು, ಮದುವೆ ಹಾಲ್‌ಗಳು, ಅಡುಗೆ ಕಂಟ್ರಾಕ್ಟಿನವರು, ಎಲ್ಲರ ವೆಬ್‌ಸೈಟೂ ಅಲ್ಲಿಯೇ ಹುಟ್ಟುವುದು. ಇರ್ಫಾನಾ ಕಾಲೇಜು ಮುಗಿಸಿದ ವರ್ಷವೇ ಅಲ್ಲಿಗೆ ಸೇರಿದಳು. ಜನ ಫೋನಿನಲ್ಲಿ ನೋಡುವ ಪುಟವನ್ನು ಕಟ್ಟುವುದು ಅವಳ ಪಾಲಿನ ಕೆಲಸ. ಕಾಣಿಯೂರಿನ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ವಾಪಸ್ಸು ಹೋಗುತ್ತಾಳೆ. ಸೀಟು ಸಿಕ್ಕಿದರೆ ಬಸ್ಸಿನಲ್ಲಿಯೂ ಓದುತ್ತಾಳೆ, ಯಾಕೆಂದರೆ ಈ ಕಸುಬಿನಲ್ಲಿ ಕಲಿತದ್ದು ಹಳಸಲು ಹೆಚ್ಚು ದಿನ ಬೇಡ.

ಹಳಸುವುದಾದರೂ ಏನು? ಫ್ರೇಮ್‌ವರ್ಕ್. ವೆಬ್ ಪುಟ ಕಟ್ಟುವವರಿಗೆ ಸಿದ್ಧವಾಗಿ ಸಿಗುವ ಸಾಮಾನಿನ ಗಂಟು ಅದು. ಗುಂಡಿ, ಪಟ್ಟಿ, ಜಾರುವ ಚಿತ್ರ, ಇವನ್ನೆಲ್ಲ ಒಂದಕ್ಕೊಂದು ಹೊಂದಿಸುವ ಕ್ರಮ ಅದರಲ್ಲೇ ಇರುತ್ತದೆ, ಕಟ್ಟುವವರ ಕೆಲಸ ಹಗುರವಾಗುತ್ತದೆ. ಆದರೆ ಗಂಟನ್ನು ಹೊರಬೇಕಾದದ್ದು ಪುಟ ತೆರೆಯುವವರ ಫೋನು. ಮೊದಲು ಗಂಟು ಅದಕ್ಕೆ ಇಳಿಯಬೇಕು, ಇಳಿದು ಬಿಚ್ಚಿಕೊಳ್ಳಬೇಕು, ಆಮೇಲೆ ಅದು ಮತ್ತೆ ಹೋಗಿ ಪುಟದಲ್ಲಿ ಕಾಣಬೇಕಾದ ಸುದ್ದಿಯನ್ನು ತರಬೇಕು. ಇಂಥ ಗಂಟುಗಳು ಹತ್ತಾರಿವೆ, ಎರಡು ವರ್ಷಕ್ಕೊಮ್ಮೆ ಹೊಸತೊಂದು ಬಂದು ಹಳತಕ್ಕೆ ಮುದಿತನ ಬರಿಸುತ್ತದೆ. ಗಿರಿಧರರು ಊಟದ ಹೊತ್ತಿಗೆ ಯೂಟ್ಯೂಬಿನಲ್ಲಿ ಯಾರದ್ದೋ ಭಾಷಣ ಕೇಳಿ ಬರುತ್ತಾರೆ, ಕೈ ತೊಳೆಯುವಷ್ಟರಲ್ಲಿ ಆಫೀಸಿನ ಫ್ರೇಮ್‌ವರ್ಕ್ ಬದಲಾಗಿರುತ್ತದೆ.

ಇರ್ಫಾನಾಳಿಗೆ ಯಾವ ಫ್ರೇಮ್‌ವರ್ಕಿನ ಮೇಲೂ ಹಗೆ ಇಲ್ಲ. ಚಿನ್ನದಂಗಡಿಯ ಸೈಟಿಗೆ ಅವಳೇ ಹೇಳಿ ದೊಡ್ಡ ಫ್ರೇಮ್‌ವರ್ಕ್ ಹಾಕಿಸಿದ್ದಳು. ಸರದ ಮೇಲೆ ಬೆರಳಿಟ್ಟರೆ ಅದು ತಿರುಗಿ ತೋರಬೇಕಲ್ಲ. ಅವಳ ಮೈ ಉರಿಯುವುದು ಬೇರೆಯದಕ್ಕೆ. ಇಷ್ಟೆಲ್ಲ ಆರಿಸಿ, ಅಳೆದು, ಚರ್ಚೆ ಮಾಡುವವರಲ್ಲಿ ಒಬ್ಬರಾದರೂ ಪುಟವನ್ನು ತೆರೆಯುವವರು ಯಾರು, ಎಲ್ಲಿ ನಿಂತು ತೆರೆಯುತ್ತಾರೆ ಎಂದು ಕೇಳುವುದಿಲ್ಲ. ಅವಳ ಬಾಪ ಪೋಕರ್ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಕಾಣಿಯೂರಿನ ಸುತ್ತ ಮೀನು ಮಾರುತ್ತಿದ್ದವರು. ಪ್ರತಿ ತಿರುವಿನಲ್ಲಿ ಹಾರ್ನ್ ಹೊಡೆದು "ಬೂತಾಯಿ, ಬಂಗುಡೆ" ಎಂದು ಕೂಗುತ್ತಿದ್ದರು. ಮೇಲಿನ ಮನೆಯವರಿಗೆ ಮೀನಿನ ಹೆಸರು ಕೇಳಿದರೆ ಸಾಕು, ಕೂಗುವವನ ಹೆಸರು ಯಾರಿಗೆ ಬೇಕು? ಅಷ್ಟು ಸಣ್ಣ ತಿಳಿವಳಿಕೆ ಓದಿದವರ ಕಸುಬಿನಲ್ಲಿ ಯಾಕೆ ಇಲ್ಲವೋ ಎಂದು ಅವಳಿಗೆ ಆಶ್ಚರ್ಯ.

ಗುತ್ತಿಗಾರಿನ ಆನೆಯ ಕೆಲಸ ಆಫೀಸಿಗೆ ಬಂದದ್ದು ಮಳೆ ಬಿಟ್ಟ ಮೇಲೆ. ಅಲ್ಲಿ ಕಾಡಿನಂಚಿನ ತೋಟಗಳಿಗೆ ಆನೆ ಇಳಿಯುವುದು ಹೊಸತಲ್ಲ. ಸಂಜೆ ಎಲ್ಲಿ ಇಳಿಯಿತು ಎಂಬ ಸುದ್ದಿ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು, ಆದರೆ ಹೋದ ತಿಂಗಳ ಆನೆಯೂ ಇವತ್ತಿನ ಆನೆಯೂ ಒಂದೇ ಗುಂಪಿನಲ್ಲಿ ಸುತ್ತಿ ಯಾವುದನ್ನು ನಂಬುವುದು ಎಂದು ತಿಳಿಯದೆ ಹೋಗಿತ್ತು. ಊರಿನವರು ಸೇರಿ ಒಂದು ಸಮಿತಿ ಮಾಡಿದರು. ಸಂಜೆ ಆನೆ ಕಂಡವರು ಒಂದು ನಂಬರಿಗೆ ಫೋನ್ ಮಾಡುವುದು, ಅದು ಒಂದು ಪುಟದಲ್ಲಿ ಬರುವುದು, ಬೆಳಿಗ್ಗೆ ತೋಟಕ್ಕೆ ಹೋಗುವವರು ಅದನ್ನು ನೋಡಿ ಹೋಗುವುದು ಎಂದು ತೀರ್ಮಾನವಾಯಿತು. ಸಮಿತಿಯ ಅಧ್ಯಕ್ಷರು ಮುರಳಿಕೃಷ್ಣ. ಅಡಿಕೆ, ರಬ್ಬರ್ ಎರಡೂ ಇದ್ದ ದೊಡ್ಡ ಕೃಷಿಕರು, ಒಳ್ಳೆಯ ಮನುಷ್ಯರು, ಊರಿನ ಯಾವ ಕೆಲಸಕ್ಕೂ ಹೆಗಲು ಕೊಡುವವರು. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಅವರು ಕೆಟ್ಟವರಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಎಷ್ಟೋ ಸುಲಭವಾಗುತ್ತಿತ್ತು.

ಇರ್ಫಾನಾ ಕಂಪ್ಯೂಟರ್ ಮುಟ್ಟುವ ಮೊದಲು ಗುತ್ತಿಗಾರಿಗೆ ಹೋದಳು. ಅಲ್ಲಿಯವರ ಫೋನು ನೋಡಬೇಕೆಂದು ಕೇಳಿದಾಗ ಯಾರೋ ಕೌಸಲ್ಯಳ ಮನೆಗೆ ದಾರಿ ತೋರಿಸಿದರು. ಕೌಸಲ್ಯ ಕಾಡಿಗೆ ತಾಗಿದ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವವಳು, ಗಂಡ ಇಲ್ಲ, ಶಾಲೆಗೆ ಹೋಗುವ ಮಗಳಿದ್ದಾಳೆ. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟು ಕಟ್ಟಿಕೊಂಡು ಹೋಗಿ ಮರ ಕೆತ್ತಬೇಕು, ತಂಪಿದ್ದಾಗಲೇ ರಬ್ಬರಿನ ಹಾಲು ಇಳಿಯುವುದು. ಅವಳ ಫೋನು ಮನೆಯೊಳಗೆ ಇರಲಿಲ್ಲ. ಅಂಗಳದ ಕೊನೆಯ ಹಲಸಿನ ಮರದ ಕೊಂಬೆಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೇತಾಡುತ್ತಿತ್ತು.

"ಅಲ್ಲಿ ಮಾತ್ರ ರೇಂಜ್ ಬರುದು ಮೇಡಂ," ಎಂದಳು ಕೌಸಲ್ಯ. "ಕೈಯಲ್ಲಿ ಹಿಡ್ಕೊಂಡ್ರೆ ಅದೂ ಹೋಗ್ತದೆ. ಹಾಗೆ ನೇತು ಹಾಕಿ, ಕೆಳಗೆ ನಿಂತು ನೋಡುದು."

ಆ ಊರಿನಲ್ಲಿ ಹೀಗೆ ಫೋನು ನೇತಾಡುವ ಮರಗಳು ಹಲವಿವೆ. ಕಿಟಕಿಯ ಸರಳಿಗೆ ಕಟ್ಟುವವರಿದ್ದಾರೆ, ನೀರಿನ ಟ್ಯಾಂಕಿನ ಮೇಲೆ ಇಡುವವರಿದ್ದಾರೆ. ಇರ್ಫಾನಾ ಆ ಮರದ ಕೆಳಗೆ ನಿಂತು ತಾನು ಹಿಂದೆ ಮಾಡಿದ ಸೈಟುಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಒಂದೂ ಬರಲಿಲ್ಲ. ಬಿಳಿಯ ಪರದೆ, ಸುತ್ತುವ ಚಕ್ರ, ಅಷ್ಟೇ. ಅಲ್ಲಿಯೇ ಅವಳ ಮನಸ್ಸು ಗಟ್ಟಿಯಾಯಿತು. ಈ ಕೆಲಸಕ್ಕೆ ಫ್ರೇಮ್‌ವರ್ಕ್ ಬೇಡ.

ದರ್ಬೆಗೆ ಬಂದು ಬರೀ ಅಕ್ಷರದ ಪುಟ ಬರೆದಳು. ಮೇಲೆ ದಿನ, ಹೊತ್ತು. ಕೆಳಗೆ ಆನೆ ಎಲ್ಲಿ, ಎಷ್ಟು, ಯಾವ ಕಡೆಗೆ ಮುಖ. ಅದರ ಕೆಳಗೆ ಹಿಂದಿನ ದಿನಗಳ ಸುದ್ದಿ. ಸುದ್ದಿಯೂ ಪುಟವೂ ಒಟ್ಟಿಗೇ ಬರುತ್ತವೆ, ಒಂದು ಬಂದು ಇನ್ನೊಂದು ಬಾರದೆ ಇರುವುದಿಲ್ಲ. ಬಾರದಿದ್ದರೆ ಏನೂ ಬರುವುದಿಲ್ಲ, ಏನೂ ಬಾರದಿದ್ದರೆ ಟ್ಯಾಪಿಂಗಿಗೆ ಹೋಗುವವರು ಮೊದಲಿನ ಹಾಗೆ ಹೆದರಿಕೊಂಡೇ ಹೋಗುತ್ತಾರೆ. ಕೌಸಲ್ಯಳಿಗೆ ಫೋನ್ ಮಾಡಿ ತೆರೆದು ನೋಡಲು ಹೇಳಿದಳು. "ಬಂತು, ಬಂತು" ಎಂದು ಅವಳು ಮರದಡಿಯಿಂದ ಕೂಗಿದಾಗ ಇರ್ಫಾನಾಳಿಗೆ ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ, ಎದ್ದು ಹೋಗಿ ಎಲ್ಲರಿಗೂ ಚಹ ತರಿಸಿದಳು.

ಸಮಿತಿಯ ಸಭೆ ನಡೆದದ್ದು ಗುತ್ತಿಗಾರಿನಲ್ಲಿ, ಮುರಳಿಕೃಷ್ಣರ ಮನೆಯ ಚಾವಡಿಯಲ್ಲಿ. ಗಿರಿಧರರೂ ಇರ್ಫಾನಾಳೂ ಕಾರಿನಲ್ಲಿ ಹೋದರು. ಆ ಮನೆಗೆ ಫೈಬರ್ ಕೇಬಲ್ ಬಂದಿತ್ತು, ಗೋಡೆಯ ಟಿವಿಯಲ್ಲಿ ಪುಟ ತೋರಿಸಿದರು.

"ಇದೆಂತ ಮಾರಾಯ್ರೆ, ಬಸ್ ಸ್ಟ್ಯಾಂಡಿನ ಬೋರ್ಡಿನ ಹಾಗೆ ಉಂಟು!" ಎಂದರು ಮುರಳಿಕೃಷ್ಣ. "ಉದ್ಘಾಟನೆಗೆ ದೊಡ್ಡ ದೊಡ್ಡವರು ಬರ್ತಾರೆ. ಅವರ ಎದುರು ಇದನ್ನು ತೋರಿಸುದಾ?"

"ಇದು ಕೌಸಲ್ಯಕ್ಕನ ಫೋನಿನಲ್ಲಿ ಬರ್ತದೆ ಅಣ್ಣ," ಎಂದಳು ಇರ್ಫಾನಾ.

"ಯಾವ ಕೌಸಲ್ಯ?"

"ಟ್ಯಾಪಿಂಗಿಗೆ ಹೋಗುವವರು. ನಿಮ್ಮ ಊರಿನವರೇ."

"ಹೌದೌದು, ಅವಳಿಗೂ ಬರ್ಲಿ. ಬೇಡ ಅಂತ ಯಾರು ಹೇಳಿದ್ದು? ಆದ್ರೆ ಸ್ವಲ್ಪ ಕಳೆ ಬೇಡ್ವಾ ತಂಗಿ?"

ಕಳೆ ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ, ಸಂಚಾಲಕರು, ಎಲ್ಲರ ಫೋಟೋ ಪುಟದ ಮೇಲ್ಭಾಗದಲ್ಲಿ ಒಂದರ ಹಿಂದೆ ಒಂದು ಜಾರಬೇಕು. ರಸ್ತೆ ಬದಿಯ ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುತ್ತಾರಲ್ಲ, ಹಾಗೆಯೇ. ಕೆಳಗೆ ಬಣ್ಣದ ನಕ್ಷೆ, ಅದರಲ್ಲಿ ನಡೆದಾಡುವ ಆನೆಯ ಚಿತ್ರ. ನಮ್ಮ ಕಡೆ ಯಕ್ಷಗಾನವೋ ಕಬಡ್ಡಿಯೋ ರಕ್ತದಾನವೋ ಏನೇ ಇರಲಿ, ಮೊದಲು ಮುಖಗಳು, ಆಮೇಲೆ ವಿಷಯ. ಆನೆಯೂ ಆ ಸಾಲಿಗೆ ಸೇರಿತು. ಇರ್ಫಾನಾ ಬಾಯಿ ತೆರೆಯುವ ಮೊದಲೇ ಗಿರಿಧರರು ಒಪ್ಪಿಯಾಗಿತ್ತು.

"ಅದೆಲ್ಲ ಆಗ್ತದೆ ಅಣ್ಣ. ಈಗಿನ ಹೊಸ ಫ್ರೇಮ್‌ವರ್ಕಿನಲ್ಲಿ ಮಾಡಿಸುವ. ದೊಡ್ಡ ಕಂಪೆನಿಯವರೆಲ್ಲ ಮಾಡುದು ಅದರಲ್ಲೇ."

ಚಾವಡಿಯಲ್ಲಿದ್ದ ಯಾರಿಗೂ ಫ್ರೇಮ್‌ವರ್ಕ್ ಎಂದರೇನೆಂದು ತಿಳಿದಿರಲಿಲ್ಲ. ದೊಡ್ಡ ಕಂಪೆನಿ ಎಂಬ ಮಾತು ತಿಳಿದಿತ್ತು, ಎಲ್ಲರೂ ತಲೆಯಾಡಿಸಿದರು. ಫ್ರೇಮ್‌ವರ್ಕ್ ಆರಿಸುವುದು ಅಷ್ಟಕ್ಕೇ ಮುಗಿಯಿತು.

ವಾಪಸ್ಸು ಬರುವಾಗ ಕಾರಿನಲ್ಲಿ ಅವಳು ಸುಮ್ಮನಿರಲಿಲ್ಲ. "ಸರ್, ಅಲ್ಲಿ ರೇಂಜೇ ಇಲ್ಲ. ಅಷ್ಟು ದೊಡ್ಡದು ಆ ಫೋನಿಗೆ ಇಳಿಯುದು ಹೇಗೆ?"

"ಟವರ್ ಆಗ್ತಾ ಉಂಟಂತೆ ಮಾರಾಯ್ತಿ."

"ಟವರ್ ಆಗುವವರೆಗೆ ಆನೆ ಕಾಯ್ತದಾ?"

ಗಿರಿಧರರು ಗೇರು ಬದಲಿಸಿದರು. ಆಮೇಲೆ ನಗುತ್ತಲೇ ಹೇಳಿದರು, "ನಿಂಗೆ ಹೊಸದು ಕಲೀಲಿಕ್ಕೆ ಹೆದರಿಕೆ. ನೇರ ಹೇಳು, ಅದಕ್ಕೆ ಕೌಸಲ್ಯ ಗಿವುಸಲ್ಯ ಅಂತ ಎಂತಕ್ಕೆ?"

ಆ ಮಾತು ಅವಳ ಎದೆಗೆ ನಾಟಿತು. ಆಫೀಸಿನಲ್ಲಿ ಪ್ರತಿ ಹೊಸ ಫ್ರೇಮ್‌ವರ್ಕನ್ನೂ ಮೊದಲು ಕಲಿತು ಉಳಿದವರಿಗೆ ಕಲಿಸಿದವಳು ಅವಳೇ. ಬೇಡ ಎಂದವರಿಗೆ ಬರುವುದಿಲ್ಲ ಎಂದು ಹಣೆಪಟ್ಟಿ ಕಟ್ಟುವುದು ಎಷ್ಟು ಸಲೀಸು! ಕಾಣಿಯೂರಿನಲ್ಲಿ ಕಾರಿನಿಂದ ಇಳಿದು, ಹಿಂದೆ ನೋಡದೆ ಮನೆಯ ದಾರಿ ಹಿಡಿದಳು. ಉಮ್ಮ ನೆಬೀಸ ಮಗಳ ಮುಖ ನೋಡಿ ಊಟ ಬಡಿಸಿದರು.

ಹಠಕ್ಕೆ ಬಿದ್ದು ಅವಳು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದಳು. ಮಾಡದೆ ಬಿಟ್ಟರೆ ಹೆದರಿದಳು ಎನ್ನುವ ಮಾತು ನಿಜವಾಗುತ್ತಿತ್ತು. ಉದ್ಘಾಟನೆಗೆ ಮೊದಲು ಮುರಳಿಕೃಷ್ಣರೇ ದರ್ಬೆಗೆ ಬಂದು ನೋಡಿದರು. ಫೋಟೋಗಳು ಜಾರಿದವು. ಅವರ ಮುಖ ಅರಳಿತು. ನಕ್ಷೆಯ ಜಾಗ ಮಾತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ಖಾಲಿ ಇದ್ದು, ಆಮೇಲೆ ಆನೆ ಬಂತು.

"ಆ ಬಿಳಿ ಎಂತದ್ದು?"

"ಸುದ್ದಿ ಬರುವವರೆಗೆ ಖಾಲಿ ಇರ್ತದೆ ಅಣ್ಣ," ಎಂದಳು ಇರ್ಫಾನಾ.

"ಮೊದಲೇ ಖಾಲಿ ತೋರಿಸುದು ಬೇಡ ತಂಗಿ, ಚಂದ ಅಲ್ಲ. ಹಿಂದೆ ಕಾಗದ ಬರೀವಾಗ ಎಂತ ಬರೀತಿದ್ದದ್ದು? ಮೊದಲು ನಾವೆಲ್ಲ ಕ್ಷೇಮ. ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ರೂ ಮೊದಲು ಕ್ಷೇಮ, ಆಮೇಲೆ ಸಂಗತಿ. ಇಲ್ಲಿಯೂ ಹಾಗೆ ಒಂದು ಒಳ್ಳೆ ಮಾತು ಹಾಕಿ. ಹಸಿರಿನಲ್ಲಿ, ಎಲ್ಲ ಕ್ಷೇಮ ಅಂತ."

"ಆಹಾ, ಚಂದ ಉಂಟು ಅಣ್ಣ!" ಎಂದರು ಗಿರಿಧರರು.

"ಸುದ್ದಿ ಬಾರದೇ ಹೋದ್ರೆ ಆ ಮಾತು ಹಾಗೇ ನಿಲ್ತದೆ ಸರ್. ಆನೆ ಇದ್ರೂ ಕ್ಷೇಮ ಅಂತ ಕಾಣ್ತದೆ."

"ಅರ್ಧ ಕ್ಷಣದ ಮಾತಿಗೆ ಇಷ್ಟು ಚರ್ಚೆ ಬೇಕಾ?" ಎಂದು ಗಿರಿಧರರು ಮಾತು ಮುಗಿಸಿದರು.

ಅವಳು "ಸುದ್ದಿ ಇನ್ನೂ ಬಂದಿಲ್ಲ" ಎಂದು ಬರೆದಿಟ್ಟಳು. ಮಾರನೆಯ ದಿನ ಅವಳು ಬರುವ ಮೊದಲೇ ಗಿರಿಧರರು ತಾವೇ ಕೂತು ಅದನ್ನು ಅಳಿಸಿ ಹಸಿರು ಕ್ಷೇಮ ಹಾಕಿದ್ದರು. ಉದ್ಘಾಟನೆ ಆಗಲಿ, ಮುಂದಿನ ಸಭೆಯಲ್ಲಿ ಮಾತಾಡುವ ಎಂದರು. ಅವಳು ಕೂಗಾಡಿದಳು. ಆಫೀಸಿನವರು ಒಬ್ಬರನ್ನೊಬ್ಬರು ನೋಡಿಕೊಂಡರು, ಮೂಗಿನ ತುದಿಯ ಮಾತು ಮತ್ತೆ ಬಂತು. ಅವಳನ್ನು ಬೇರೊಂದು ಸೈಟಿನ ಕೆಲಸಕ್ಕೆ ಹಾಕಿದರು.

ಉದ್ಘಾಟನೆ ಭರ್ಜರಿಯಾಗಿ ನಡೆಯಿತು. ಹಾಲ್‌ನಲ್ಲಿ ಅವತ್ತಿಗೆಂದೇ ವೈಫೈ ಹಾಕಿಸಿದ್ದರು. ಟ್ಯಾಪಿಂಗಿನವರನ್ನೂ ತೋಟದ ಕೆಲಸದವರನ್ನೂ ಕರೆಸಿ, ಎಲ್ಲರ ಫೋನಿಗೂ ಪುಟವನ್ನು ಇಳಿಸಿಕೊಟ್ಟರು. ಕೌಸಲ್ಯಳನ್ನು ವೇದಿಕೆಗೆ ಕರೆದು ಫೋಟೋ ತೆಗೆದರು. ಅತಿಥಿಗಳು ಒಬ್ಬೊಬ್ಬರಾಗಿ ತಂತ್ರಜ್ಞಾನ ಹಳ್ಳಿಯ ಮನೆಬಾಗಿಲಿಗೆ ಬಂದದ್ದನ್ನು ಕೊಂಡಾಡಿದರು. ಮನೆಬಾಗಿಲು ಎಂದರೆ ಯಾರ ಮನೆಯದ್ದು ಎಂದು ಇರ್ಫಾನಾ ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿದಳು.

ಮುಂದಿನ ಸಭೆ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಕಾದು ಸಾಕಾಗಿ, ಒಂದು ಆದಿತ್ಯವಾರ ಇರ್ಫಾನಾ ತಾನೇ ಬಸ್ಸು ಹತ್ತಿದಳು. ಗುತ್ತಿಗಾರಿನಲ್ಲಿ ಇಳಿದು ಕೌಸಲ್ಯಳ ಮನೆ ಮುಟ್ಟುವಾಗ ಅವಳು ಹಾಲಿನ ಕ್ಯಾನು ಕೊಟ್ಟು ಬಂದು ಕೈಗೆ ಅಂಟಿದ್ದ ರಬ್ಬರನ್ನು ಉಜ್ಜಿ ತೆಗೆಯುತ್ತಿದ್ದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದು ಅವಳು ಸಂಭ್ರಮದಿಂದ ಮಣೆ ಕೊಟ್ಟಳು. "ನಿಮ್ಮದು ಲಾಯ್ಕ ಉಂಟು. ಮುಟ್ಟಿದ ಕೂಡ್ಲೆ ಬರ್ತದೆ. ಮೊದಲಿನದ್ದು ಇಷ್ಟು ಚಂದ ಇರ್ಲಿಲ್ಲ."

"ಎಂತ ಬರ್ತದೆ ಕೌಸಲ್ಯಕ್ಕ?"

"ಕ್ಷೇಮ ಅಂತ. ಉದ್ಘಾಟನೆ ಆದ ಮೇಲೆ ಒಂದು ದಿನವೂ ಆನೆ ಬರ್ಲಿಲ್ಲ. ದೂರ ಹೋಯ್ತು ಕಾಣ್ತದೆ."

ಇರ್ಫಾನಾ ಮಣೆ ಬಿಟ್ಟು ಎದ್ದಳು. ಮರದಡಿಗೆ ಹೋಗಿ ನೋಡಿದಳು. ಪುಟ ಹೌದು, ಮುಟ್ಟಿದ ಕೂಡಲೇ ಬಂತು. ಬಾರದೆ ಏನು? ಗಂಟೂ ಫೋಟೋಗಳೂ ಹಾಲ್‌ನ ವೈಫೈಯಲ್ಲಿ ಇಳಿದು ಫೋನಿನಲ್ಲೇ ಉಳಿದಿದ್ದವು. ಗೌರವಾಧ್ಯಕ್ಷರು ಕೈಮುಗಿದರು, ಅಧ್ಯಕ್ಷರು ಕೈಮುಗಿದರು. ಕೆಳಗೆ ಹಸಿರಿನಲ್ಲಿ ಎಲ್ಲ ಕ್ಷೇಮ. ಸುದ್ದಿಯನ್ನು ತರಲು ಹೋದದ್ದು ಮಾತ್ರ ಆ ಒಂದು ಗೆರೆ ರೇಂಜಿನಲ್ಲಿ ವಾಪಸ್ಸು ಬರಲೇ ಇಲ್ಲ. ಆನೆ ಕಂಡವರು ಫೋನ್ ಮಾಡಿ ಹೇಳಿದ್ದೆಲ್ಲ ಸೇರುವ ಸಮಿತಿಯ ದಾಖಲೆಯನ್ನು ತನ್ನ ಫೋನಿನಿಂದ ತೆರೆಯಲು ಅವಳು ರಸ್ತೆಯ ತಿರುವಿನವರೆಗೆ ಹತ್ತಿದಳು. ಅಲ್ಲಿ ಸಿಕ್ಕಿತು. ಹಿಂದಿನ ದಿನ ಸಂಜೆ ಎರಡು ಆನೆ, ಕೌಸಲ್ಯ ಮರ ಕೆತ್ತುವ ತೋಟದ ಮೇಲಿನ ಬೇಲಿಯ ಹತ್ತಿರ.

ಇಳಿದು ಬಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೌಸಲ್ಯ ಮೊದಲು ನಂಬಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತಳು.

"ಮೊದಲು ನಾನು ಪಟಾಕಿ ಹಿಡ್ಕೊಂಡು ಹೋಗ್ತಿದ್ದೆ," ಎಂದಳು. "ಮೇಲಿನ ಸಾಲಿಗೆ ಬೆಳಕಾದ ಮೇಲೆಯೇ ಹೋಗುದು. ಈಗ ಕ್ಷೇಮ ಅಂತ ಬರ್ತದಲ್ಲ, ಕತ್ತಲೆಯಲ್ಲೇ ಮೊದಲು ಮೇಲಿನದ್ದು ಮುಗಿಸಿ ಬರ್ತೇನೆ. ಮಗಳನ್ನು ಶಾಲೆಗೆ ಕಳಿಸ್ಲಿಕ್ಕೆ ಬೇಗ ಆಗ್ತದೆ ಅಂತ." ಕೈಯ ರಬ್ಬರನ್ನು ಮತ್ತೆ ಉಜ್ಜುತ್ತಾ, "ಅಷ್ಟು ಜನ ದೊಡ್ಡವರು ಕೈಮುಗಿದು ನಿಂತು ಕ್ಷೇಮ ಅಂತ ಹೇಳುವಾಗ ನಂಬದೆ ಇರ್ಲಿಕ್ಕೆ ಆಗ್ತದಾ ಮೇಡಂ?" ಎಂದಳು.

ಪುಟ ಇಲ್ಲದಿದ್ದಾಗ ಈ ಹೆಂಗಸಿಗೆ ಹೆದರಿಕೆಯಾದರೂ ಕಾವಲಿತ್ತು. ಎಲ್ಲರೂ ಸೇರಿ ಚಂದದ ಪುಟ ಮಾಡಿ ಅದನ್ನೂ ಕಿತ್ತುಕೊಂಡೆವಲ್ಲ ಎಂದು ಇರ್ಫಾನಾಳಿಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ತಿರುವಿಗೆ ಮತ್ತೆ ಹತ್ತಿ ಗಿರಿಧರರಿಗೆ ಫೋನ್ ಮಾಡಿದಳು.

"ಇವತ್ತು ಆದಿತ್ಯವಾರ ಮಾರಾಯ್ತಿ," ಎಂದರು ಅವರು. "ನಾಳೆ ನೋಡುವ."

"ನಾಳೆ ಬೆಳಿಗ್ಗೆ ಇವರು ತೋಟಕ್ಕೆ ಹೋಗಿ ಆಗಿರ್ತದೆ ಸರ್. ನಾನು ಪುಟ ಬದಲಾಯಿಸ್ತೇನೆ. ಕೇಳ್ಲಿಕ್ಕೆ ಅಲ್ಲ, ಹೇಳ್ಲಿಕ್ಕೆ ಫೋನ್ ಮಾಡಿದ್ದು."

"ಸಮಿತಿಯವರ ಹತ್ರ ಕೇಳದೆ ಮುಟ್ಟಿದ್ರೆ ನಾಳೆಯಿಂದ ನೀನು ಆಫೀಸಿಗೆ ಬರುದು ಬೇಡ, ಆಯ್ತಾ?"

ಅವಳು ಫೋನ್ ಇಟ್ಟು ಸೀದಾ ಮುರಳಿಕೃಷ್ಣರ ಮನೆಗೆ ನಡೆದಳು. ಬೇರೆ ಎಲ್ಲಿಯೂ ಆ ಕೆಲಸ ಮಾಡುವಷ್ಟು ನೆಟ್ ಇರಲಿಲ್ಲ. ಅವರು ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು, ಅವಳನ್ನು ಕಂಡು ಒಳಗೆ ಕಾಫಿಗೆ ಹೇಳಿದರು.

"ಅಣ್ಣ, ಪುಟದಲ್ಲಿ ಆನೆಯ ಸುದ್ದಿ ಬರ್ತಾ ಇಲ್ಲ."

"ಬರ್ತಾ ಉಂಟಲ್ಲ ತಂಗಿ! ಒಳ್ಳೇ ಬರ್ತದೆ. ಇವತ್ತು ನಮ್ಮ ಕೆಲಸದವರನ್ನು ಮೇಲಿನ ತೋಟಕ್ಕೆ ಕಳಿಸ್ಲೇ ಇಲ್ಲ ನಾನು. ಬೇಲಿಯ ಹತ್ರ ಎರಡು ಆನೆ ಅಂತ ತೋರಿಸ್ತು. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಅವರು ಮನಸಾರೆ ಹೇಳಿದ ಮಾತು ಅದು. ಅದೇ ಬೇಲಿಯ ಆಚೆ, ಅದೇ ಬೆಳಿಗ್ಗೆ, ಕೌಸಲ್ಯ ಕತ್ತಲೆಯಲ್ಲಿ ಮರ ಕೆತ್ತಿ ಬಂದಿದ್ದಳು. ಇರ್ಫಾನಾ ಕೂರದೆ ನಿಂತೇ ಹೇಳಿದಳು.

"ನಿಮ್ಮ ಮನೆಯಲ್ಲಿ ಆನೆ ಉಂಟು ಅಂತ ಹೇಳ್ತದೆ. ಕೌಸಲ್ಯಕ್ಕನ ಮನೆಯಲ್ಲಿ ಕ್ಷೇಮ ಅಂತ ಹೇಳ್ತದೆ. ಒಂದೇ ಆನೆ ಅಣ್ಣ, ಒಂದೇ ಬೇಲಿ. ಫೈಬರ್ ಇದ್ದವರ ಜೀವ ಮಾತ್ರ ಜೀವವಾ?"

ಮುರಳಿಕೃಷ್ಣರಿಗೆ ಅರ್ಥವಾಗಲು ಹೊತ್ತು ಬೇಕಾಯಿತು. ಅವಳು ಅವರ ಫೋನಿನಲ್ಲೇ ವೈಫೈ ಆಫ್ ಮಾಡಿ ಪುಟ ತೆರೆದು ತೋರಿಸಿದಳು. ಅವರ ಮುಖವೇ ಜಾರಿ ಬಂತು, ಕೆಳಗೆ ಹಸಿರು. ಅವರು ಅದನ್ನು ನೋಡುತ್ತಲೇ ಇದ್ದರು.

"ಸಮಿತಿ ಸೇರಿಸಿ ತೀರ್ಮಾನ ಮಾಡುವ," ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ.

"ತೀರ್ಮಾನ ನಿಧಾನಕ್ಕೆ ಮಾಡಿ. ನಾನು ಈಗ ತೆಗೀತೇನೆ," ಎಂದು ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಅವರ ಚಾವಡಿಯಲ್ಲಿ, ಅವರ ವೈಫೈಯಲ್ಲಿ, ಅವರ ಎದುರೇ ಕೂತು ಫೋಟೋ, ನಕ್ಷೆ, ಗಂಟು ಎಲ್ಲವನ್ನೂ ತೆಗೆದುಹಾಕಿ ತನ್ನ ಹಳೆಯ ಅಕ್ಷರದ ಪುಟವನ್ನು ಏರಿಸಿದಳು. ಕಾಫಿ ಬಂದು ತಣಿಯಿತು. ಅವರು ಬೇಡ ಎನ್ನಲಿಲ್ಲ. ಅವಳು ಎದ್ದಾಗ ತಾವೂ ಎದ್ದರು, ಜೀಪಿನಲ್ಲಿ ಕೌಸಲ್ಯಳ ಮನೆಗೂ ಆಮೇಲೆ ಉಳಿದ ಟ್ಯಾಪಿಂಗಿನವರ ಮನೆಗಳಿಗೂ ಕರೆದುಕೊಂಡು ಹೋಗುತ್ತೇನೆ ಎಂದರು.

ಹಲಸಿನ ಮರದಡಿ ಕೌಸಲ್ಯಳ ಫೋನಿನಿಂದ ಹಳೆಯದನ್ನು ಅಳಿಸಿ ಹೊಸದನ್ನು ತೆರೆಯಲು ಹೇಳಿದಳು ಇರ್ಫಾನಾ. ಸ್ವಲ್ಪ ಕಾಯಬೇಕಾಯಿತು. ಬಂತು. ಕಪ್ಪು ಅಕ್ಷರ, ಬಿಳಿಯ ಪುಟ. ಮೇಲೆ ಕೊನೆಗೆ ಬಂದ ಸುದ್ದಿ, ಅದರ ಕೆಳಗೆ ಉದ್ಘಾಟನೆಯಿಂದ ಈಚೆಗಿನ ಎಲ್ಲ ದಿನಗಳದ್ದು. ಅಧ್ಯಕ್ಷರು ಅಂಗಳಕ್ಕೆ ಬಂದದ್ದಕ್ಕೆ ಕೌಸಲ್ಯ ಮೊದಲು ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಓದಲು ತೊಡಗಿದ ಮೇಲೆ ಅವರು ಇರುವುದನ್ನೇ ಮರೆತಳು. ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾ ಹೋದಳು.

"ಮೇಲಿನ ಬೇಲಿ, ಎರಡು ಆನೆ... ಇದು ನಿನ್ನೆ. ಇದು ಶುಕ್ರವಾರ, ಒಂದು ಆನೆ, ತೋಡಿನ ಬದಿ. ಶನಿವಾರ ಬೆಳಿಗ್ಗೆ ಹೋದಾಗ ತೋಡಿನ ಬದಿಯ ಮರಗಳ ಹಾಲಿನ ಗೆರಟೆಗಳೆಲ್ಲ ಕೆಳಗೆ ಬಿದ್ದಿತ್ತು. ಹಂದಿ ಅಂತ ಮಾಡಿದೆ ನಾನು." ಬೆರಳು ಇನ್ನೂ ಕೆಳಗಿಳಿಯಿತು. ಒಂದು ಕಡೆ ನಿಂತಿತು. "ಮೇಲಿನ ಸಾಲು, ಒಂದು ಆನೆ. ಇದರ ಮಾರನೆ ಬೆಳಿಗ್ಗೆ ಮಂಜು ಬಿದ್ದಿತ್ತು. ಮರದ ಹಿಂದೆ ಯಾರೋ ದೊಡ್ಡಕೆ ಉಸಿರು ಬಿಟ್ಟ ಹಾಗಾಯ್ತು ನನಗೆ. ಯಾರದ್ದೋ ದನ ಅಂತ ಮಾಡಿ, ಹೋಗು ಅಂತ ಗದರಿಸಿ ಬೆನ್ನು ಹಾಕಿ ಕೆತ್ತಿದೆ."

ಮುರಳಿಕೃಷ್ಣರು ಕೈಯಲ್ಲಿದ್ದ ಟವೆಲಿನಿಂದ ಮುಖ ಒರೆಸಿಕೊಂಡರು.

"ದೇವರು ದೊಡ್ಡವನು," ಎಂದರು. "ಎಂತದೂ ಆಗ್ಲಿಲ್ಲ ಅಲ್ವಾ."

"ದೇವರು ದೊಡ್ಡವನೇ ಅಣ್ಣ," ಎಂದಳು ಇರ್ಫಾನಾ. "ಕ್ಷೇಮ ಅಂತ ಬರೆದದ್ದು ಅವನಲ್ಲ."

ಕೌಸಲ್ಯಳಿಗೆ ಇಬ್ಬರ ಮಾತೂ ಕೇಳಿಸಲಿಲ್ಲ. ಅವಳ ಬೆರಳು ಆ ಸಾಲಿನ ಮೇಲೆಯೇ ಇತ್ತು.